ಗುಜರಿಯ ಗಾಡಿ ಮತ್ತು ಬೆಟ್ಟದ ಕಬ್ಬಿಣ

(ಬೆಟ್ಟದ ಹಳ್ಳಿಗಳ ರೈತರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಗುಜರಿಗೆ ಬಿದ್ದ ಭಾಗಗಳನ್ನು ಕೂಡಿಸಿ ಹಳೆಯ ಮಾದರಿಯ ಪಿಕಪ್ ಕಟ್ಟುವುದು ಪರಿಸರಕ್ಕೆ ಹಿತವೋ ಅಹಿತವೋ ಎಂಬುದು ನೀವು ನನಗೆ ಕೊಟ್ಟ ಪ್ರಶ್ನೆ. ನಾನು ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿ ಕಡೆಯವನು. ನಮ್ಮದು ಎರೆಭೂಮಿ. ನಿಮ್ಮಲ್ಲಿರುವ ಏರುತಿರುವುಗಳು ಅಲ್ಲಿಲ್ಲ. ಮಳೆಗಾಲದಲ್ಲಿ ಗಾಲಿಯನ್ನು ಕಚ್ಚಿ ಹಿಡಿಯುವ ಕರಿಮಣ್ಣಿದೆ. ಆದ್ದರಿಂದ ಜೀಪಿನ ಮಾತಿಗೆ ಮೊದಲು ನಮ್ಮ ಬಂಡಿಯ ಮಾತನ್ನು ಹೇಳುತ್ತೇನೆ.

ಮರದ ಗಾಲಿಗೆ ಕಬ್ಬಿಣದ ಹಳಿ ಬಿಗಿದ ಬಂಡಿಯ ಜಾಗಕ್ಕೆ ಟೈರಿನ ಬಂಡಿ ಬಂದಾಗ ಅದರ ಕೆಳಗಿನ ಅರ್ಧ ಗುಜರಿಯಿಂದ ಬಂತು, ಮೇಲಿನ ಅರ್ಧ ಬಡಿಗನ ಮನೆಯಿಂದ. ಕಳಚಿದ ವಾಹನದ ಅಚ್ಚು, ಬೇರಿಂಗು, ಸವೆದ ಟೈರು. ಅವುಗಳ ಮೇಲೆ ಮೊದಲಿನದೇ ಚೌಕಟ್ಟು, ಮೂಕಿ, ನೊಗ. ಎಳೆಯುವುದು ಹಗುರವಾಯಿತು. ಹಗುರವಾದುದರಿಂದ ಹೇರು ಹೆಚ್ಚಿತು. ಹಳಿಯ ಗಾಲಿ ಬೇಗ ನಿಲ್ಲುತ್ತದೆ; ಟೈರು ಇಳಿಜಾರಿನಲ್ಲಿ ಉರುಳುತ್ತಲೇ ಇರುತ್ತದೆ, ಆ ಒತ್ತೆಲ್ಲ ಎತ್ತುಗಳ ಮೇಲೆ ಬೀಳುತ್ತದೆ. ಬೆಂಗಳೂರಿನ ಐಐಎಂನ ನಿರ್ದೇಶಕರಾಗಿದ್ದ ಪ್ರೊ. ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಬಂಡಿಯ ಸುಧಾರಣೆಗಾಗಿ ದಶಕಗಳ ಕಾಲ ವಾದಿಸಿದರು. ನಮ್ಮ ಆಡಳಿತಗಾರರು ಟ್ರ್ಯಾಕ್ಟರಿಗೆ ಕೊಟ್ಟ ಗಮನದ ಒಂದು ಪಾಲನ್ನೂ ಬಂಡಿಗೆ ಕೊಡಲಿಲ್ಲ ಎಂಬುದು ನನ್ನ ಅಭಿಪ್ರಾಯ. ಇರಲಿ. ಭಾಗಗಳನ್ನು ಕೂಡಿಸುವಾಗ ಓಡಿಸುವುದನ್ನು ಮೊದಲು ಕೂಡಿಸುತ್ತೇವೆ, ನಿಲ್ಲಿಸುವುದನ್ನು ಕೊನೆಗೆ. ಈ ದೋಷ ಬಂಡಿಯಿಂದ ಜೀಪಿಗೂ ಬಂದಿದೆ.

ನಿಮ್ಮ ಕಡೆ ಅಡಿಕೆ, ಕಾಫಿ, ಹುಲ್ಲು, ಸೌದೆ ಹೊರುವ ಹಳೆಯ ಜೀಪುಗಳಲ್ಲಿ ಹಿಂಬದಿ ಕೊಯ್ದು ತೊಟ್ಟಿ ಕೂರಿಸಿದವುಗಳನ್ನು ಕಂಡಿದ್ದೇನೆ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪು ಅಮೆರಿಕದ ಸೇನೆಯ ದಾಖಲೆಯಲ್ಲಿ ಕಾಲು ಟನ್ನಿನ ಟ್ರಕ್ಕು. ಅಂದರೆ ಅದು ಹುಟ್ಟಿನಿಂದಲೇ ಸಣ್ಣ ಪಿಕಪ್ಪು. ಅದರ ಬ್ರೇಕು, ಕಮಾನುಪಟ್ಟಿ ಎಲ್ಲವೂ ಆ ಅಳತೆಯವು. ಸ್ವಾತಂತ್ರ್ಯದ ನಂತರ ಮಹೀಂದ್ರ ಕಂಪನಿ ಅದೇ ವಂಶದ ಜೀಪನ್ನು ಇಲ್ಲಿ ತಯಾರಿಸಿತು. ಮುಂದೆ ಅದಕ್ಕೆ ಹಾಕಿದ ಎಂಡಿ 2350 ಡೀಸೆಲ್ ಎಂಜಿನ್ನಿನ ಮೂಲ ಬಿ-275 ಟ್ರ್ಯಾಕ್ಟರಿನ ಎಂಜಿನ್. ಟ್ರ್ಯಾಕ್ಟರು ಬಿಚ್ಚಬಲ್ಲ ಹಳ್ಳಿಯ ಮಿಸ್ತ್ರಿ ಜೀಪನ್ನೂ ಬಿಚ್ಚಬಲ್ಲವನಾದ. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಹಳೆಯ ಜೀಪುಗಳನ್ನು ಹೊಸದಾಗಿ ಕಟ್ಟುವುದೇ ಒಂದು ಕಸುಬಾಗಿ ಬೆಳೆಯಿತು.

ಇದರಲ್ಲಿ ಉಳಿಯುವುದು ಏನು? ಸುಮಾರು ಒಂದು ಟನ್ ತೂಕದ ಜೀಪಿನಲ್ಲಿ ಬಹುಪಾಲು ಕಬ್ಬಿಣ, ಉಕ್ಕು. ಅದಿರಿನಿಂದ ಒಂದು ಟನ್ ಉಕ್ಕು ತೆಗೆಯಲು ಒಂದೂವರೆ ಟನ್ನಿನಷ್ಟು ಅದಿರು ಬೇಕು. ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡು ಗಾಳಿಗೆ ಸೇರುತ್ತದೆ. ಆ ಅದಿರು ಬೆಟ್ಟದಿಂದಲೇ ಬರಬೇಕು. ಕುದುರೆಮುಖದ ಗಣಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ನಿಂತಿತು. ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ಅದೇ ನ್ಯಾಯಾಲಯ 2011ರಲ್ಲಿ ತಡೆ ಹಾಕಬೇಕಾಯಿತು. ನಮ್ಮ ಕಮ್ಮಾರರು ಮುರಿದ ಕಮಾನುಪಟ್ಟಿಯನ್ನು ಕುಲುಮೆಗೆ ಹಾಕಿ ಕುಡುಗೋಲು, ಕುಂಟೆಯ ತಾಳು ಮಾಡುವುದನ್ನು ನೋಡಿದವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಹೊಗೆಯ ಲೆಕ್ಕವೂ ಇದೆ. 2020ರ ಏಪ್ರಿಲ್‌ನಿಂದ ಹೊಸ ವಾಹನಗಳಿಗೆ ಬಿಎಸ್-6 ಮಾನದಂಡ ಬಂದಿದೆ. ಹಳೆಯ ಡೀಸೆಲ್ ಎಂಜಿನ್ನು ಅದರ ಹತ್ತಿರಕ್ಕೂ ಬರಲಾರದು. ತೋಟದಿಂದ ಸಂತೆಗೆ ವಾರಕ್ಕೆರಡು ಸಲ ಹೋಗುವ ಗಾಡಿಯನ್ನು ಉಳಿಸುವುದು ಸರಿ. ದಿನವೂ ನೂರಾರು ಕಿಲೋಮೀಟರು ಬಾಡಿಗೆಗೆ ಓಡುವ ಗಾಡಿಯಲ್ಲಿ ಉಳಿದ ಕಬ್ಬಿಣದ ಪುಣ್ಯವನ್ನು ಹೊಗೆ ತಿಂದುಹಾಕುತ್ತದೆ.

ಇನ್ನು ಕಾನೂನು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ಮಾಡಿತು. ಐವತ್ತು ವರ್ಷ ಮೀರಿರಬೇಕು, ಮೂಲರೂಪದಲ್ಲಿಯೇ ಇರಬೇಕು, ಹೆಚ್ಚಿನ ಮಾರ್ಪಾಡು ಆಗಿರಕೂಡದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಪ್ರದರ್ಶನ, ರ‍್ಯಾಲಿಗಳಿಗೆ ತರಬಹುದು, ದಿನನಿತ್ಯದ ಕೆಲಸಕ್ಕಲ್ಲ. ದುಡಿದು ದುಡಿದು ಭಾಗ ಬದಲಿಸಿಕೊಂಡು ಬದುಕಿದ ಗಾಡಿಗೆ ಈ ಗೌರವವಿಲ್ಲ; ಷೆಡ್ಡಿನಲ್ಲಿ ಹೊದಿಕೆ ಹೊದ್ದು ಕುಳಿತದ್ದಕ್ಕೆ ಇದೆ. ದುಡಿಯುವ ಗಾಡಿಗೆ ಅನ್ವಯಿಸುವುದು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು: ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. ಪಂಪಿನ ಎಂಜಿನ್ ಕೂರಿಸಿ ಉತ್ತರ ಭಾರತದಲ್ಲಿ ಓಡಿಸುವ ‘ಜುಗಾಡ್’ ಕೂಡ ಮೋಟಾರು ವಾಹನವೇ ಎಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಹೇಳಿತು.

ಇದನ್ನು ಬರಿಯ ಕಾಗದದ ಕಿರುಕುಳವೆಂದು ತಳ್ಳಿಹಾಕಬೇಡಿ. ನಮ್ಮಲ್ಲಿ ಹತ್ತಿ ಬಿಡಿಸಲು, ಮೆಣಸಿನಕಾಯಿ ಬಿಡಿಸಲು ಹೋಗುವ ಹೆಣ್ಣುಮಕ್ಕಳನ್ನು ಸರಕು ಗಾಡಿಗಳಲ್ಲಿ ನಿಲ್ಲಿಸಿ ಒಯ್ಯುತ್ತಾರೆ. ಗಾಡಿ ಮಗುಚಿದರೆ ವಿಮೆ ಅವರಿಗೆ ಸಿಗುವುದು ದುರ್ಲಭ. ನೋಂದಣಿಯೇ ಇಲ್ಲದ ಗಾಡಿಯಾದರೆ ವಿಮೆಯ ಪ್ರಶ್ನೆಯೇ ಇಲ್ಲ. ಕೂಲಿಯವಳ ಕಾಲು ಮುರಿದರೆ ಆ ವರ್ಷದ ಸುಗ್ಗಿ ಅವಳ ಪಾಲಿಗೆ ಮುಗಿದಂತೆ.

ಹಾಗಾದರೆ ಕಟ್ಟುವವರು ಏನು ಮಾಡಬೇಕು? ಆರ್‌ಸಿ ಜೀವಂತವಿರುವ ಗಾಡಿಯಿಂದಲೇ ಆರಂಭಿಸಿ. ಚಾಸಿಯ ಮೇಲೆ ಕೊರೆದ ಸಂಖ್ಯೆಯನ್ನೂ ಆರ್‌ಸಿಯ ಸಂಖ್ಯೆಯನ್ನೂ ನಿಮ್ಮ ಕಣ್ಣಿನಿಂದಲೇ ಹೋಲಿಸಿರಿ. ಕೊಡುವವನ ಬಾಯಿಮಾತು ಸಾಲದು. ಎಂಜಿನ್ ಬದಲಿಸುವುದಾದರೆ ಆರ್‌ಟಿಒ ಕಚೇರಿಯ ಅನುಮತಿ ಮೊದಲು, ವೆಲ್ಡಿಂಗ್ ನಂತರ. ಗೇರ್‌ಬಾಕ್ಸು, ಆಕ್ಸಲ್ಲು, ಬಾನೆಟ್ಟು, ಸೀಟಿನ ಚೌಕಟ್ಟು ಗುಜರಿಯಿಂದ ಧಾರಾಳವಾಗಿ ಬರಲಿ. ಬ್ರೇಕಿನ ಲೈನರು, ರಬ್ಬರು ಕೊಳವೆ, ಸ್ಟೇರಿಂಗಿನ ಕೀಲುಗಳು, ಟೈರು ಇವು ಹೊಸವೇ ಆಗಬೇಕು. ಇಲ್ಲಿ ಉಳಿತಾಯದ ಮಾತು ಬೇಡ. ಬಿರುಕು ಬಿಟ್ಟ ಚಾಸಿಗೆ ಪಟ್ಟಿ ಬೆಸೆದು ಬಣ್ಣ ಬಳಿದಿರುವುದುಂಟು, ಕೆಳಗೆ ಮಲಗಿ ಸುತ್ತಿಗೆಯಿಂದ ತಟ್ಟಿ ನೋಡಿ. ತೊಟ್ಟಿ ದೊಡ್ಡದಾಗಿ ಕಟ್ಟಿದರೆ ದೊಡ್ಡ ಹೇರು ತಾನಾಗಿ ಬಂದು ಕೂರುತ್ತದೆ. ಆದ್ದರಿಂದ ಬಡಿಗನಿಗೆ ಅಳತೆ ಕೊಡುವ ಮುನ್ನ ಆ ಆರ್‌ಸಿಯಲ್ಲಿ ಬರೆದಿರುವ ತೂಕವನ್ನು ಓದಿ, ತೊಟ್ಟಿಯ ಎತ್ತರವನ್ನು ಅದರ ಮೇಲೆ ತೀರ್ಮಾನಿಸಿ.