ಸಹಾಯಧನವೂ ಉಳುವವನೂ



ಕೆರೆಯಿಂದ ಬಿಟ್ಟ ನೀರು ಕಾಲುವೆಯ ಮೊದಲ ಗದ್ದೆಯಲ್ಲಿಯೇ ನಿಂತುಹೋದರೆ ಕೊನೆಯ ಗದ್ದೆಯ ಪೈರು ಒಣಗುವುದು. ಸರಕಾರವು ರೈತನಿಗೆಂದು ಕೊಡುವ ಸಹಾಯಧನದ ಗತಿಯೂ ಕೆಲವು ವೇಳೆ ಹೀಗೆಯೇ ಆಗುವುದುಂಟು. ಇದಕ್ಕೆ ಅಮೆರಿಕ ದೇಶದ ಆರ್ಕನ್ಸಾ ಸಂಸ್ಥಾನದಲ್ಲಿರುವ ಪಾಯಿನ್ಸೆಟ್ ಕೌಂಟಿಯ ವೃತ್ತಾಂತವು ತಕ್ಕ ದೃಷ್ಟಾಂತವಾಗಿದೆ. ಕೌಂಟಿಯೆಂದರೆ ನಮ್ಮ ಜಿಲ್ಲೆಯಂತಹ ಒಂದು ಆಡಳಿತ ವಿಭಾಗವು.

ಆ ಕಾಲದಲ್ಲಿ ಅಲ್ಲಿಯ ಜನರಿಗೆ ಹತ್ತಿಯೇ ಮುಖ್ಯ ಜೀವನಾಧಾರವಾಗಿದ್ದಿತು. ಭೂಮಿಯು ದೊಡ್ಡ ಮಾಲಿಕರದು. ದುಡಿಮೆಯು ಕೋರುಪಾಲಿಗೆ ಮಾಡುವ ಬಿಳಿಯ ಹಾಗೂ ಕಪ್ಪು ಜನರದು. ವಾಸದ ಗುಡಿಸಲು, ಹೇಸರಗತ್ತೆ, ನೇಗಿಲು ಎಲ್ಲವೂ ಮಾಲಿಕನವು. ಬೆಳೆಯಲ್ಲಿ ಅರ್ಧವು ದುಡಿದವನಿಗೆ ಸಲ್ಲತಕ್ಕದ್ದಾದರೂ, ಮಾಲಿಕನ ಅಂಗಡಿಯ ಸಾಲವು ಅದರಲ್ಲಿ ಬಹುಪಾಲನ್ನು ನುಂಗುತ್ತಿದ್ದಿತು.

1929ರಲ್ಲಿ ಪೌಂಡಿಗೆ ಸುಮಾರು 17 ಸೆಂಟು ಇದ್ದ ಹತ್ತಿಯ ಬೆಲೆಯು 1932ರ ವೇಳೆಗೆ ಸುಮಾರು 6 ಸೆಂಟಿಗೆ ಕುಸಿಯಿತು. ಆಗ ಅಧ್ಯಕ್ಷ ರೂಸ್‌ವೆಲ್ಟರ ಸರಕಾರವು 1933ರ ಮೇ ತಿಂಗಳಲ್ಲಿ ಕೃಷಿ ಹೊಂದಾಣಿಕೆಯ ಕಾಯಿದೆಯನ್ನು ಮಾಡಿತು. ಬೆಳೆಯನ್ನು ಕಡಿಮೆ ಮಾಡಿದರೆ ಬೆಲೆಯು ಏರುವುದು, ಕಡಿಮೆ ಮಾಡಿದವರಿಗೆ ಬೊಕ್ಕಸದಿಂದ ಹಣ ಸಲ್ಲುವುದು ಎಂಬುದೇ ಅದರ ತಾತ್ಪರ್ಯವು. ಆ ವರ್ಷ ದೇಶದಲ್ಲಿ ಒಂದು ಕೋಟಿ ಎಕರೆಗೂ ಮಿಗಿಲಾಗಿ ನಿಂತ ಹತ್ತಿಯನ್ನು ಉತ್ತು ಮಣ್ಣುಗೂಡಿಸಲಾಯಿತು. ಸಾಲುಗಳ ನಡುವೆ ನಡೆಯುವುದನ್ನೇ ಕಲಿತಿದ್ದ ಹೇಸರಗತ್ತೆಗಳು ಪೈರನ್ನು ತುಳಿಯಲು ಹಿಂಜರಿದುವೆಂದು ಅಲ್ಲಿಯವರು ಹೇಳುತ್ತಿದ್ದರು.

ಸಂಕಲ್ಪವು ಒಳ್ಳೆಯದೇ. ಬೆಲೆಯೂ ಏರಿತು. ಆದರೆ 1934ನೆಯ ವರ್ಷದ ಕರಾರು ಮಾಲಿಕನಿಗೂ ಸರಕಾರಕ್ಕೂ ನಡುವೆ ಆದುದು. ಕೋರುಪಾಲಿನವನ ಹೆಸರು ಅದರಲ್ಲಿರಲಿಲ್ಲ. ಬಿತ್ತದೆ ಬಿಟ್ಟ ನೆಲದ ಬಾಡಿಗೆಯು ಮಾಲಿಕನಿಗೆ ಸಂದಿತು. ಬೇರೊಂದು ಚಿಕ್ಕ ಪಾವತಿಯಲ್ಲಿ ಮಾತ್ರ ದುಡಿಯುವವನಿಗೆ ಪಾಲಿದ್ದಿತು. ಅದೂ ಮಾಲಿಕನ ಕೈಯಿಂದಲೇ ಬರಬೇಕಾಗಿದ್ದಿತು. ಒಕ್ಕಲುಗಳನ್ನು ಸಾಧ್ಯವಾದಮಟ್ಟಿಗೆ ಕಡಿಮೆ ಮಾಡಬಾರದೆಂದು ಕರಾರಿನಲ್ಲಿ ಬರೆದಿದ್ದುದು ನಿಜ. ಆದರೆ ಆ "ಸಾಧ್ಯವಾದಮಟ್ಟಿಗೆ" ಎಂಬ ಮಾತಿನ ಕಂಡಿಯಲ್ಲಿ ಅನೇಕ ಕುಟುಂಬಗಳ ಮನೆಮಾರುಗಳು ಹೋದುವು. ಬಿತ್ತುವ ನೆಲವು ಕಡಿಮೆಯಾದ ಮೇಲೆ ಬಿತ್ತುವವನು ಏತಕ್ಕೆಂದು ಮಾಲಿಕರು ಅವರನ್ನು ಹೊರಡಿಸಿದರು.

1934ರ ಜುಲೈ ತಿಂಗಳಲ್ಲಿ ಈ ಕೌಂಟಿಯ ಟೈರೋಂಜಾ ಎಂಬ ಊರಿನ ಹತ್ತಿರದ ಶಾಲೆಯೊಂದರಲ್ಲಿ ಹನ್ನೊಂದು ಮಂದಿ ಬಿಳಿಯರೂ ಏಳು ಮಂದಿ ಕಪ್ಪು ಜನರೂ ಕೂಡಿ ದಕ್ಷಿಣದ ಗೇಣಿದಾರರ ಸಂಘವನ್ನು ಸ್ಥಾಪಿಸಿದರು. ವರ್ಣಭೇದವು ಕಾಯಿದೆಯಾಗಿದ್ದ ನಾಡಿನಲ್ಲಿ ಉಭಯರೂ ಒಂದೇ ಸಂಘದಲ್ಲಿ ಸೇರಿದುದು ಸಾಮಾನ್ಯ ಧೈರ್ಯವಲ್ಲ. ಬೆದರಿಕೆ, ಹೊಡೆತ, ಸೆರೆವಾಸಗಳು ಅವರಿಗೆ ಪ್ರಾಪ್ತವಾದುವು. ರಾಜಧಾನಿಯಲ್ಲಿ ಇದ್ದ ಒಕ್ಕಲುಗಳನ್ನೇ ಉಳಿಸಿಕೊಳ್ಳಬೇಕೆಂದು ಕರಾರಿಗೆ ಅರ್ಥಮಾಡಿದ ಕೃಷಿ ಇಲಾಖೆಯ ನ್ಯಾಯವಾದಿಗಳು 1935ರ ಫೆಬ್ರವರಿಯಲ್ಲಿ ಕೆಲಸವನ್ನೇ ಕಳೆದುಕೊಂಡರು. 1936ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಮೂಲ ಕಾಯಿದೆಯ ಮುಖ್ಯಭಾಗವನ್ನು ರದ್ದುಪಡಿಸಿತು. ಅನಂತರದ ಯೋಜನೆಗಳಲ್ಲಿ ಗೇಣಿದಾರರ ಪಾಲು ಹೆಚ್ಚಿತು. ಆದರೆ ಅನೇಕ ಮಾಲಿಕರು ಪಾಲುಗಾರನನ್ನು ಕೂಲಿಯವನನ್ನಾಗಿ ಮಾಡಿ ಆ ಪಾಲನ್ನೂ ತಾವೇ ಉಳಿಸಿಕೊಂಡರು.

ಇದು ಪರದೇಶದ ಕಥೆಯೆಂದು ಸುಮ್ಮನಿರುವಂತಿಲ್ಲ. 2019ರಲ್ಲಿ ಭಾರತ ಸರಕಾರವು ಆರಂಭಿಸಿದ ಪ್ರಧಾನಮಂತ್ರಿ ಕಿಸಾನ್ ಯೋಜನೆಯು ವರ್ಷಕ್ಕೆ 6000 ರೂಪಾಯಿಗಳನ್ನು ಮೂರು ಕಂತುಗಳಲ್ಲಿ ರೈತನ ಬ್ಯಾಂಕಿನ ಖಾತೆಗೇ ಸೇರಿಸುವುದು. ನಡುವಿನ ಕೈಗಳನ್ನು ತಪ್ಪಿಸಿದುದು ಮೆಚ್ಚತಕ್ಕದ್ದೇ. ಆದರೂ ಅದು ಜಮೀನಿನ ದಾಖಲೆಯಲ್ಲಿ ಹೆಸರುಳ್ಳ ಕುಟುಂಬವನ್ನೇ ನೋಡುವುದು. ಬಾಯಿಮಾತಿನ ಮೇಲೆ ಪರರ ಹೊಲವನ್ನು ಕೋರಿಗೆ ಮಾಡುವವನಿಗೆ ಪಹಣಿಯೆಲ್ಲಿಯದು?

ಆದುದರಿಂದ ಸಹಾಯವನ್ನು ವಿಧಿಸುವವರು ಎಷ್ಟು ಕೊಟ್ಟೆವೆಂದು ಎಣಿಸುವುದಕ್ಕಿಂತ ಮೊದಲು, ಯಾರ ಹೆಸರನ್ನು ಬರೆದುಕೊಂಡೆವೆಂದು ನೋಡಬೇಕು. ಪುಸ್ತಕದಲ್ಲಿ ಹೆಸರಿಲ್ಲದವನ ಬೆವರೂ ಆ ನೆಲದಲ್ಲಿಯೇ ಬಿದ್ದಿರುವುದು.