ನಾಲ್ಕನೆಯ ರುಜು



ನಮ್ಮ ಕಡೆ ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲ, ಎತ್ತು, ಬಾವಿಯ ನೀರಿನ ಸರದಿಗಳನ್ನು ಪಂಚರು ಹೇಗೋ ಹಂಚಿಬಿಡುತ್ತಾರೆ. ಮಾತು ತಡೆದು ನಿಲ್ಲುವುದು ಒಂದೇ ಕಡೆ: ಮನೆಗಾಗಿ ದುಡಿದು ದಣಿದ ಹಿರಿಯರು ಯಾರ ಪಾಲಿಗೆ? ಒಂದು ಸಂಸ್ಥೆ ಒಡೆದು ಹೊಸ ಸಂಸ್ಥೆಗಳು ಹುಟ್ಟುವಾಗಲೂ ಇದೇ ಪ್ರಶ್ನೆ ಏಳುತ್ತದೆ.

ಗೋಕಾಕ ಸೀಮೆಯ ಮೇಲವಂಕಿ ನನ್ನ ಊರು. ನನ್ನ ದೊಡ್ಡಪ್ಪನ ಮಗ ವಿದ್ಯುತ್ ಮಂಡಳಿಯಲ್ಲಿ ಲೈನ್‌ಮನ್ ಆಗಿದ್ದ. 1957ರಲ್ಲಿ ಸ್ಥಾಪನೆಯಾದ ಆ ಮಂಡಳಿಯ ಸ್ಥಾನಕ್ಕೆ 1999ರ ಆಗಸ್ಟ್‌ನಲ್ಲಿ ವಿದ್ಯುತ್ ಪ್ರಸರಣ ನಿಗಮ ಬಂದಿತು. 2002ರ ಜೂನ್ 1ರಂದು ವಿತರಣೆಯ ಕೆಲಸ ನಾಲ್ಕು ಕಂಪನಿಗಳಿಗೆ ಹಂಚಿಹೋಯಿತು. ನಮ್ಮ ಜಿಲ್ಲೆ ಹುಬ್ಬಳ್ಳಿಯ ಕಂಪನಿಗೆ ಸೇರಿತು. ಆಗ ಅಣ್ಣ ಕೇಳಿದ: “ತಮ್ಮಾ, ಬೋರ್ಡ್ ಹೋತು, ಕಂಪನಿ ಬಂತು. ಕಂಬಾ ಅವ ಅದಾವು, ಹತ್ತಾಂವಾನೂ ನಾನ. ನನ್ನ ಪೆನ್ಶನ್ ಯಾರ ಕೊಡಾವರು?”

ಕಂಬ, ತಂತಿ, ಕಚೇರಿಗಳನ್ನು ಪಟ್ಟಿ ಮಾಡಿ ಒಪ್ಪಿಸಬಹುದು. ಸಂದುಹೋದ ಸೇವೆಯ ಋಣವನ್ನು ಯಾರಿಗೆ ಒಪ್ಪಿಸುವುದು? ಎಲ್ಲವನ್ನೂ ಹೊಸ ಕಂಪನಿಯ ತಲೆಗೆ ಕಟ್ಟಿದರೆ ಅದು ಎದ್ದು ನಿಲ್ಲುವ ಮೊದಲೇ ಕುಸಿದೀತು. ಕಟ್ಟದಿದ್ದರೆ ನೌಕರ ಅನಾಥ. ಅದಕ್ಕಾಗಿಯೇ ಸರ್ಕಾರ, ಮಂಡಳಿ, ನೌಕರರ ಸಂಘಟನೆಗಳು ಸೇರಿ ತ್ರಿಪಕ್ಷೀಯ ಒಪ್ಪಂದ ಮಾಡಿಕೊಂಡವು. ಸೇವೆಯ ಷರತ್ತುಗಳು ಮೊದಲಿಗಿಂತ ಕೀಳಾಗಬಾರದೆಂದಾಯಿತು; ಪಿಂಚಣಿ, ಗ್ರಾಚ್ಯುಟಿಗಳಿಗೆ ಪ್ರತ್ಯೇಕ ಟ್ರಸ್ಟ್ ಬಂದಿತು. ಹಳೆಯ ಸೇವೆಯ ಹೊರೆಯಲ್ಲಿ ಸರ್ಕಾರಕ್ಕೂ ಪಾಲಿತ್ತು. ಅಣ್ಣನ ಪಿಂಚಣಿ ಈ ವರೆಗೆ ತಪ್ಪಿಲ್ಲ.

ಆದರೆ ಸರ್ಕಾರದ ಆ ಪಾಲು ಈಗ ಬೇರೆಡೆಗೆ ಸರಿದಿದೆ. ಅದನ್ನು ಬಳಕೆದಾರರಿಂದಲೇ ವಸೂಲು ಮಾಡಲು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಒಪ್ಪಿ, 2025ರ ಏಪ್ರಿಲ್ 1ರಿಂದ ಯೂನಿಟ್ಟಿಗೆ 36 ಪೈಸೆ ಗೊತ್ತುಮಾಡಿತು. ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ನನ್ನ ಗೆಳೆಯ ಬಿಲ್ಲು ಹಿಡಿದು ಬಂದ. “ನಿಮ್ಮಣ್ಣಗ ಸರ್ಕಾರ ಮಾತ ಕೊಟ್ಟಿತ್ತು. ಅದನ್ನ ನಾ ಯಾಕ ತೀರಸ್ಬೇಕ್ರಿ, ಸರ?” ಎಂದ. ಅಣ್ಣ ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದ, ತಲೆ ತಗ್ಗಿಸಿದ. ಕಂಬದ ಮೇಲೆ ಆಯುಷ್ಯ ಸವೆಸಿದವನು ತನ್ನ ಹಕ್ಕಿನ ಅನ್ನಕ್ಕೆ ನಾಚಬೇಕಾಯಿತು. ನನಗೆ ಉತ್ತರ ಹೊಳೆಯಲಿಲ್ಲ.

ತಪ್ಪು ಇವರಿಬ್ಬರದೂ ಅಲ್ಲ. ಒಪ್ಪಂದಕ್ಕೆ ಮೂವರು ರುಜು ಹಾಕಿದರು. ಕಡೆಗೆ ಹಣ ತೆರುವ ನಾಲ್ಕನೆಯವನನ್ನು ಯಾರೂ ಕರೆಯಲಿಲ್ಲ. ಮನೆ ಒಡೆಯುವುದು ತಪ್ಪಲ್ಲ. ಆದರೆ ಹಿರಿಯರ ಪಾಲಿನ ಹಣವನ್ನು ಅಂದೇ ಎತ್ತಿಡಬೇಕು. ಅದು ಯಾರ ಕಿಸೆಯಿಂದ ಬರುವುದೋ ಅವನನ್ನೂ ಪಂಚಾಯಿತಿಗೆ ಕರೆಯಬೇಕು. ಇಲ್ಲವಾದರೆ ಕೊಟ್ಟ ಮಾತು ಉಳಿದೀತು, ನೆರೆಹೊರೆಯ ಪ್ರೀತಿ ಉಳಿಯದು.