ಪೌತಿ ಖಾತೆ ಆಗದ ಸಂಘಗಳು

(ಮಲವಗೊಪ್ಪದಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಲೆ ಮತ್ತು ಸಾಲದ ವಿಚಾರ ಮಾತಾಡಬೇಕು ಅಂತ ನನ್ನನ್ನು ಕರೆದಿದ್ದೀರಿ. ಅದನ್ನೇ ಮಾತಾಡ್ತೇನೆ. ಆದರೆ ಇವತ್ತು ಭತ್ತದ ಬೆಲೆಯಿಂದಲೂ ಶುರು ಮಾಡೋದಿಲ್ಲ, ಅಡಿಕೆ ಧಾರಣೆಯಿಂದಲೂ ಶುರು ಮಾಡೋದಿಲ್ಲ. ಪೌತಿ ಖಾತೆಯಿಂದ ಶುರು ಮಾಡ್ತೇನೆ.

ಅಪ್ಪ ತೀರಿಕೊಂಡ. ಮಕ್ಕಳು ತಿಥಿ ಮಾಡಿದರು, ಊಟ ಹಾಕಿದರು. ಪಹಣಿಯಲ್ಲಿ ಮಾತ್ರ ಅಪ್ಪನ ಹೆಸರೇ ಉಳಿಯಿತು. ಮುಂದಿನ ವರ್ಷ ಬೆಳೆಸಾಲ ಕೇಳೋಕೆ ಹೋದರೆ ಸೊಸೈಟಿಯವರು ಏನಂತಾರೆ? “ಖಾತೆ ನಿಮ್ಮ ಹೆಸರಿಗಿಲ್ಲ, ಹೋಗಿ ಬನ್ನಿ” ಅಂತಾರೆ. ಬೆಳೆ ಹೋದರೆ ಪರಿಹಾರ ಬರೋದೂ ಕಷ್ಟ. ಭೂಮಿ ಇದೆ, ಉಳುವವನಿದ್ದಾನೆ, ಆದರೆ ಹಕ್ಕು ಸತ್ತವನ ಹೆಸರಿನಲ್ಲಿದೆ. ಈ ಕಷ್ಟ ಇಲ್ಲಿ ಕೂತವರಲ್ಲಿ ಎಷ್ಟು ಮನೆಗೆ ಇದೆಯೋ ನಿಮಗೇ ಗೊತ್ತು.

ನಾನು ಹೇಳೋದು ಇಷ್ಟೇ. ಹೊಲಕ್ಕೆ ಪೌತಿ ಖಾತೆ ಆಗದಿದ್ದರೆ ಒಂದು ಮನೆ ಕೆಡ್ತದೆ. ಸಂಘಕ್ಕೆ ಪೌತಿ ಖಾತೆ ಆಗದಿದ್ದರೆ ಇಡೀ ಊರು ಕೆಡ್ತದೆ.

ಬಡತನ ಹೋಗಲಾಡಿಸ್ತೇವೆ ಅಂತ ಹೊರಟ ಸಂಸ್ಥೆಗಳು ನಮ್ಮಲ್ಲಿ ಕಡಿಮೆಯೇ? ಹತ್ತು ಜನ ಸಿರಿವಂತರು ಒಂದೇ ಹುಂಡಿಗೆ ಹಣ ಹಾಕಿ ದೇಶದೇಶಗಳಲ್ಲಿ ಕೆಲಸ ಮಾಡಿಸುವ ಪದ್ಧತಿಯೂ ಈಗ ಬಂದಿದೆ. 2017ರಲ್ಲಿ ಶುರುವಾದ ಕೋ-ಇಂಪ್ಯಾಕ್ಟ್ ಎಂಬ ಕೂಟದಲ್ಲಿ ಅಮೆರಿಕದ ಗೇಟ್ಸ್ ದಂಪತಿಗಳು, ರಾಕ್‌ಫೆಲರ್ ಪ್ರತಿಷ್ಠಾನದವರ ಜೊತೆ ನಮ್ಮ ಬೆಂಗಳೂರಿನ ನಿಲೇಕಣಿ ದಂಪತಿಗಳೂ ಸೇರಿಕೊಂಡರು. ಒಳ್ಳೆಯದೇ. ಆದರೆ ಹಣ ಎಲ್ಲಿಂದಲಾದರೂ ಬರಲಿ, ಕೊನೆಗೆ ಅದು ಒಂದು ಊರಿಗೆ, ಒಂದು ಸಂಘಕ್ಕೆ, ಒಂದು ಬೀಗದಕೈಗೆ ಬಂದು ನಿಲ್ಲಬೇಕಲ್ಲ? ಆ ಬೀಗದಕೈ ಯಾರ ಸೊಂಟದಲ್ಲಿದೆ, ಆತನ ನಂತರ ಯಾರ ಕೈಗೆ ಹೋಗ್ತದೆ? ದಾನಿಗಳು ಇದನ್ನು ಕೇಳಲಿ ಬಿಡಲಿ, ನಾವು ಕೇಳಬೇಕು.

ನಮ್ಮ ರಾಜ್ಯದಲ್ಲೇ ನಡೆದ ಒಂದು ಸಂಗತಿ ಹೇಳ್ತೇನೆ. ಮೈರಾಡ ಅಂತ ಒಂದು ಸಂಸ್ಥೆ. ಟಿಬೆಟ್‌ನಿಂದ ಬಂದ ನಿರಾಶ್ರಿತರಿಗೆ ನೆಲೆ ಮಾಡಿಕೊಡೋದಕ್ಕೆ 1968ರಲ್ಲಿ ಹುಟ್ಟಿದ್ದು. ಆ ಕೆಲಸ ಮುಗೀತಾ ಬಂದ ಮೇಲೆ ನಮ್ಮ ಹಳ್ಳಿಗಳ ಬಡವರ ಕಡೆ ತಿರುಗಿತು. 1982ರಲ್ಲಿ ಅಲೋಶಿಯಸ್ ಫರ್ನಾಂಡಿಸ್ ಎಂಬವರು ಅದರ ಹೊಣೆ ಹೊತ್ತರು. ಆಗ ಆ ಸಂಸ್ಥೆ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿಸಿತ್ತು. ಒಂದೊಂದರಲ್ಲೂ ನೂರಾರು ಜನ. ಸಾಲ ಕೊಟ್ಟರು. 1984-85ರ ಹೊತ್ತಿಗೆ ಆ ಸಂಘಗಳು ಒಂದೊಂದಾಗಿ ಮುರಿದುಬಿದ್ದವು.

ಯಾಕೆ? ಮಳೆ ಬರಲಿಲ್ಲ ಅಂತಲ್ಲ. ಜನ ಮೋಸಗಾರರು ಅಂತಲೂ ಅಲ್ಲ. ಸಂಘದ ಮುಂದಾಳುಗಳ ಮೇಲೆ ಸದಸ್ಯರಿಗೆ ನಂಬಿಕೆ ಇರಲಿಲ್ಲ. ಸಣ್ಣಸಣ್ಣ ಗುಂಪುಗಳಲ್ಲಿ ಬಂದ ಸದಸ್ಯರು ಮೈರಾಡದವರಿಗೆ ಹೇಳಿದ್ದು ಹೀಗೆ: ಸಾಲ ತೀರಿಸ್ತೇವೆ, ಆದರೆ ಆ ಸಂಘಕ್ಕೆ ಕಟ್ಟೋದಿಲ್ಲ, ನಿಮಗೆ ಕಟ್ತೇವೆ.

ಬೇರೆ ಯಾರಾದರೂ ಆಗಿದ್ದರೆ ಹಣ ಇಸಕೊಂಡು ರಸೀದಿ ಹರಿದು ಕೊಡ್ತಿದ್ದರು. ಇವರು ಹಾಗೆ ಮಾಡಲಿಲ್ಲ. “ನಮಗೆ ಬೇಡ, ನಿಮ್ಮ ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ, ನಿಮ್ಮೊಳಗೇ ಸಾಲ ಕೊಟ್ಟುಕೊಳ್ಳಿ” ಅಂದರು. ಒಬ್ಬರ ಮೇಲೊಬ್ಬರಿಗೆ ವಿಶ್ವಾಸ ಇರುವ ಹದಿನೈದು-ಇಪ್ಪತ್ತು ಜನ. ಇವತ್ತು ನಮ್ಮ ಹೆಣ್ಣುಮಕ್ಕಳು ಊರೂರಿನಲ್ಲಿ ನಡೆಸುವ ಸ್ವಸಹಾಯ ಸಂಘದ ಒಂದು ಬೇರು ಇದು. 1987ರಲ್ಲಿ ನಬಾರ್ಡ್ 10 ಲಕ್ಷ ರೂಪಾಯಿ ಕೊಟ್ಟು ಈ ಪ್ರಯೋಗಕ್ಕೆ ಬೆಂಬಲ ನಿಂತಿತು. 1992ರಲ್ಲಿ ದೇಶದ ಮಟ್ಟದಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ಬಂತು. ನೋಂದಣಿ ಇಲ್ಲದ ಗುಂಪಿಗೂ, ಅಡಮಾನ ಇಲ್ಲದೆ, ಬ್ಯಾಂಕು ಸಾಲ ಕೊಡಬಹುದು ಅಂತಾಯಿತು. ಮನೆಯ ಪಾತ್ರೆಪಗಡ ಜಫ್ತಿ ಮಾಡಿಸಿಕೊಂಡು ಕಣ್ಣೀರು ಹಾಕಿದ ನಾಡಿನಲ್ಲಿ ಇದೇನು ಸಣ್ಣ ಮಾತೇ?

ಈಗ ಕುರ್ಚಿಯ ವಿಷಯ. ಆ ಗುಂಪುಗಳಿಗೆ ಅಧ್ಯಕ್ಷ, ಕಾರ್ಯದರ್ಶಿ ಅನ್ನೋ ಪಟ್ಟ ಬೇಡ ಅಂತ ಮೈರಾಡದವರು ಹೇಳಿಕೊಟ್ಟರು. ಇಬ್ಬರು ಪ್ರತಿನಿಧಿಗಳು ಸಾಕು, ಅವರೂ ವರ್ಷಕ್ಕೊಮ್ಮೆ ಬದಲಾಗಲಿ. ಬ್ಯಾಂಕಿಗೆ ಹೋಗೋದು, ಸಭೆ ನಡೆಸೋದು, ಜಗಳ ಬಗೆಹರಿಸೋದು ಎಲ್ಲರಿಗೂ ಸರದಿಯ ಮೇಲೆ ಬರಲಿ. ಹತ್ತು ವರ್ಷ ಕಳೆದರೆ ಇಪ್ಪತ್ತು ಜನರ ಗುಂಪಿನಲ್ಲಿ ಇಪ್ಪತ್ತೂ ಜನ ಕುರ್ಚಿ ಕಂಡಿರ್ತಾರೆ. ಆಗ ಯಾರು ಸತ್ತರೂ, ಯಾರು ಮದುವೆಯಾಗಿ ಹೋದರೂ, ಯಾರು ಮುನಿಸಿಕೊಂಡು ಎದ್ದರೂ ಸಂಘ ನಿಲ್ಲೋದಿಲ್ಲ.

ಮೇಲಿನವರೂ ಇದೇ ಪಾಠ ಕಲಿಯಬೇಕಲ್ಲವೇ? ಫರ್ನಾಂಡಿಸ್ ಅವರು ಎರಡೂವರೆ ದಶಕಕ್ಕೂ ಹೆಚ್ಚು ಕಾಲ ಮೈರಾಡ ನಡೆಸಿದರು. ಆಮೇಲೆ ಕಾರ್ಯನಿರ್ವಾಹಕ ನಿರ್ದೇಶಕರ ಹೊಣೆಯನ್ನು ಬೇರೆಯವರಿಗೆ ವಹಿಸಿದರು. ಅಷ್ಟೇ ಆಗಿದ್ದರೆ ಅದು ಒಬ್ಬರು ಎದ್ದು ಇನ್ನೊಬ್ಬರು ಕೂತ ಕತೆ ಮಾತ್ರ. ಅದಕ್ಕಿಂತ ದೊಡ್ಡ ಕೆಲಸ ಒಂದು ನಡೆಯಿತು. ನೂರರ ಆಸುಪಾಸು ಗುಂಪುಗಳಿಗೆ ಒಂದರಂತೆ ಸಮುದಾಯ ನಿರ್ವಹಣೆಯ ಸಂಪನ್ಮೂಲ ಕೇಂದ್ರಗಳನ್ನು ಮಾಡಿದರು. ಗುಂಪುಗಳೇ ಶುಲ್ಕ ಕಟ್ಟಿ, ಗುಂಪಿನವರೇ ಆಡಳಿತ ಕಮಿಟಿಯಲ್ಲಿ ಕೂತು ನಡೆಸುವ ಕೇಂದ್ರಗಳು. ದಾನಿಯ ಹಣ ನಿಂತರೂ ನಿಮ್ಮ ಕೆಲಸ ನಿಲ್ಲಬಾರದು ಎಂಬ ಲೆಕ್ಕ. ಕುರ್ಚಿಯನ್ನು ಒಬ್ಬ ಉತ್ತರಾಧಿಕಾರಿಗೆ ಕೊಡೋದು ಒಂದು ರೀತಿ. ಸಂಸ್ಥೆಯನ್ನೇ ಅದರ ಜನಕ್ಕೆ ಕೊಡೋದು ಇನ್ನೊಂದು ರೀತಿ. ಎರಡನೆಯದು ಕಷ್ಟ, ಉಳಿಯೋದೂ ಅದೇ.

“ಒಳ್ಳೆಯ ಮನುಷ್ಯ, ಕೈ ಶುದ್ಧ, ಯಾಕೆ ಬದಲಾಯಿಸಬೇಕು?” ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಳ್ಳೆಯವನನ್ನು ಓಡಿಸಿ ಅಂತ ನಾನು ಹೇಳ್ತಿಲ್ಲ. ಕೆಟ್ಟವನಿದ್ದರೆ ನಾವು ಎಚ್ಚರವಾಗಿರ್ತೇವೆ, ಲೆಕ್ಕ ಕೇಳ್ತೇವೆ. ಒಳ್ಳೆಯವನಿದ್ದರೆ ಲೆಕ್ಕ ಕೇಳೋದನ್ನೇ ಮರೀತೇವೆ. ಇಪ್ಪತ್ತು ವರ್ಷ ಅವನೇ ಪುಸ್ತಕ ಬರೀತಾನೆ, ಅವನೇ ಡಿಸಿಸಿ ಬ್ಯಾಂಕಿಗೆ ಹೋಗ್ತಾನೆ, ಅಧಿಕಾರಿಗಳಿಗೆಲ್ಲ ಅವನ ಮುಖ ಮಾತ್ರ ಗೊತ್ತು. ಒಂದು ದಿನ ಅವನು ಕಣ್ಣು ಮುಚ್ಚಿದರೆ ಬೀರುವಿನ ಬೀಗ ತೆಗೆಯೋಕೂ ಯಾರಿಗೂ ಬರೋದಿಲ್ಲ. ಅವನ ಒಳ್ಳೆಯತನ ಅವನ ಜೊತೆ ಮಣ್ಣಾಗ್ತದೆ. ಒಳ್ಳೆಯ ಯಜಮಾನ ಬದುಕಿರುವಾಗಲೇ ಮಗನ ಕೈಗೆ ನೇಗಿಲು ಕೊಟ್ಟು, ತಾನು ಬದುವಿನ ಮೇಲೆ ಕೂತು ಸಾಲು ಸೊಟ್ಟ ಆಯಿತೋ ನೆಟ್ಟಗಾಯಿತೋ ನೋಡ್ತಾನೆ. ಸಂಘದ ಹಿರಿಯರೂ ಅಷ್ಟೇ ಮಾಡಬೇಕು.

ಸಾಲಕ್ಕೂ ಇದಕ್ಕೂ ಏನು ಸಂಬಂಧ? ಲೆಕ್ಕ ಹಾಕೋಣ. ಇಪ್ಪತ್ತು ಜನ ವಾರಕ್ಕೆ ತಲಾ 50 ರೂಪಾಯಿ ಕಟ್ಟಿದರೆ ವಾರಕ್ಕೆ 1,000, ವರ್ಷಕ್ಕೆ 52,000. ಸಂಘ ಮುರಿದರೆ ಆ ದುಡ್ಡು ಕೈಗೆ ಸಿಗೋದಿಲ್ಲ. ಆಗ ಮಗಳ ಮದುವೆಗೆ, ಬೋರಿನ ಮೋಟಾರಿಗೆ ಅಂತ ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿಗೆ 50,000 ತಂದರೆ ವರ್ಷಕ್ಕೆ ಬಡ್ಡಿಯೇ 30,000. ಬೆಲೆ ಇಲ್ಲದ ವರ್ಷ ಇದನ್ನು ಯಾವ ಬೆಳೆ ತೀರಿಸ್ತದೆ? ಸಂಘ ಬಿಟ್ಟುಹೋದ ಜಾಗಕ್ಕೆ ಬಡ್ಡಿಯವನು ಬರ್ತಾನೆ, ಮೈಕ್ರೋಫೈನಾನ್ಸಿನವನು ಬರ್ತಾನೆ. ಅವರ ವಸೂಲಿ ಕಾಟ ಎಷ್ಟಾಯಿತು ಅಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸುಗ್ರೀವಾಜ್ಞೆ ಬಾಗಿಲಿಗೆ ಬಂದವನನ್ನು ತಡೀಬಹುದು. ಸಾಲ ಬೇಕಾದಾಗ ಕೊಡೋದು ನಿಮ್ಮ ಸಂಘವೇ.

ಸಂಸ್ಥೆ ಮುಚ್ಚಿದರೆ ಏನಾಗ್ತದೆ ಅಂತ ಈ ಊರಿನವರಿಗೆ ನಾನು ಹೇಳಿಕೊಡಬೇಕೇ? ಇಲ್ಲಿನ ಸಕ್ಕರೆ ಕಾರ್ಖಾನೆ ಮುಚ್ಚಿದ್ದು ನೋಡಿದ್ದೀರಿ, ಭದ್ರಾವತಿಯಲ್ಲಿ ಎಂಪಿಎಂ ನಿಂತದ್ದು ನೋಡಿದ್ದೀರಿ. ಕಾರ್ಖಾನೆ ನಮ್ಮ ಕೈಯಲ್ಲಿರಲಿಲ್ಲ ಅನ್ನಬಹುದು. ಸಂಘ ನಮ್ಮ ಕೈಯಲ್ಲೇ ಇದೆ.

ನಮ್ಮ ಚಳವಳಿಯ ಮಾತನ್ನೂ ಮುಚ್ಚಿಡೋದು ಬೇಡ. 1980ರಲ್ಲಿ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಪ್ರೊ. ಎಂ.ಡಿ. ನಂಜುಂಡಸ್ವಾಮಿ, ಕಡಿದಾಳು ಶಾಮಣ್ಣ ಮುಂತಾದವರು ಕಟ್ಟಿದ ರೈತಸಂಘಕ್ಕೆ ಈ ಶಿವಮೊಗ್ಗ ಜಿಲ್ಲೆಯೇ ತವರು. 2004ರ ಫೆಬ್ರವರಿ 3ರಂದು ಪ್ರೊಫೆಸರ್ ತೀರಿಕೊಂಡರು. ಅದಕ್ಕೆ ಮುಂಚೆಯೂ ಒಡಕು ಬಂದಿತ್ತು, ಆಮೇಲೆ ಬಣಗಳು ಇನ್ನೂ ಹೆಚ್ಚಾದವು. ಹಸಿರು ಶಾಲು ಒಂದೇ, ಹೆಗಲು ಬೇರೆಬೇರೆ. ಯಾರದು ತಪ್ಪು ಅಂತ ತೀರ್ಪು ಹೇಳೋದಕ್ಕೆ ನಾನು ಬಂದಿಲ್ಲ. ದೊಡ್ಡ ಮರದ ನೆರಳಿನಲ್ಲಿ ಸಸಿ ನೆಡದಿದ್ದರೆ ಏನಾಗ್ತದೆ ಅನ್ನೋದಕ್ಕೆ ದೂರ ಹೋಗಬೇಕಾಗಿಲ್ಲ ಅಂತಷ್ಟೇ ಹೇಳ್ತೇನೆ.

ಇನ್ನೊಂದು ಕಡೆ ನೋಡಿ. ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದರು. 1904ರ ಕಾಯ್ದೆಯ ಕೆಳಗೆ ದೇಶದ ಮೊದಲ ಕೃಷಿ ಸಹಕಾರ ಸಂಘ ಅಂತ ಅದಕ್ಕೆ ಹೆಸರು. ಪಾಟೀಲರು ಹೋಗಿ ದಶಕಗಳೇ ಕಳೆದವು. ಸಂಘ ಶತಮಾನ ದಾಟಿತು. ಕಟ್ಟಿದವನಿಗೆ ಅದಕ್ಕಿಂತ ದೊಡ್ಡ ಪ್ರತಿಮೆ ಯಾವುದು?

ಹಾಗಾದರೆ ನಾವು ಮಾಡಬೇಕಾದದ್ದೇನು? ಈ ಸಲ ಸೊಸೈಟಿಯ ವಾರ್ಷಿಕ ಮಹಾಸಭೆಗೆ ಚಹಾ-ಖಾರಕ್ಕಾಗಿ ಹೋಗಬೇಡಿ, ನಾಲ್ಕು ಪ್ರಶ್ನೆ ಇಟ್ಟುಕೊಂಡು ಹೋಗಿ. ಕಾರ್ಯದರ್ಶಿ ಬಿಟ್ಟು ಲೆಕ್ಕದ ಪುಸ್ತಕ ಓದಬಲ್ಲವರು ಇನ್ನೆಷ್ಟು ಜನರಿದ್ದಾರೆ? ಮೂರು ಅವಧಿಗಿಂತ ಹೆಚ್ಚು ಒಂದೇ ಕುರ್ಚಿಯಲ್ಲಿ ಕೂತವರು ಯಾರು? ಮೂವತ್ತೈದು ವರ್ಷದೊಳಗಿನ ನಿರ್ದೇಶಕರು ಎಷ್ಟು, ಮಹಿಳಾ ನಿರ್ದೇಶಕರ ಬದಲು ಸಭೆಯಲ್ಲಿ ಅವರ ಗಂಡ ಕೂರ್ತಾನೋ? ನಾಳೆ ಅಧ್ಯಕ್ಷರು ಹಾಸಿಗೆ ಹಿಡಿದರೆ ನಾಡಿದ್ದು ಚೆಕ್ಕಿಗೆ ಸಹಿ ಹಾಕೋರು ಯಾರು?

ಈ ಪ್ರಶ್ನೆ ಕೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. ಇಲ್ಲಿ ಕೂತವರಲ್ಲೇ ಅಧ್ಯಕ್ಷರು, ನಿರ್ದೇಶಕರು ಇದ್ದೀರಿ. ನೀವು ಬೆವರು ಸುರಿಸಿ ಕಟ್ಟಿದ ಸಂಘ ಅದು, ಇಲ್ಲ ಅನ್ನೋರು ಯಾರು? ಅದಕ್ಕೇ ಕೇಳೋದು. ನೀವು ಗಟ್ಟಿಯಾಗಿರುವಾಗಲೇ ಪಕ್ಕದಲ್ಲಿ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕೂರಿಸಿಕೊಂಡು ಪುಸ್ತಕ ತೋರಿಸಿ. ಬ್ಯಾಂಕಿಗೆ ಹೋಗುವಾಗ ಜೊತೆಗೆ ಕರಕೊಂಡು ಹೋಗಿ. ತಪ್ಪು ಮಾಡಲಿ, ತಿದ್ದಿ. ಹೊಲದ ಪೌತಿ ಖಾತೆ ಸತ್ತ ಮೇಲೆ ಆಗ್ತದೆ. ಸಂಘದ ಖಾತೆ ಬದುಕಿರುವಾಗಲೇ ಆಗಬೇಕು.